ಮೋರಿಯಲ್ಲಿ ಬದುಕುವ ಹುಳು ನಮ್ಮ ಚೊಂಬಿನಲ್ಲಿ ಯಾಕೆ ಸಾಯುತ್ತದೆ?

ಅಕ್ವೇರಿಯಂ ಮೀನುಗಳಿಗೆ ತಿನ್ನಿಸಲು ಮೊದಲ ಸಲ ಜೀವಂತ ಟ್ಯೂಬಿಫೆಕ್ಸ್ ಹುಳು ತಂದಾಗ ನಾನು ಮಾಡಿದ ತಪ್ಪು ಒಂದೇ. ಪಾಪ, ಚೆನ್ನಾಗಿರಲಿ ಅಂತ ಅದಕ್ಕೆ ತುಂಬಾ ನೀರು ಕೊಟ್ಟೆ.

ಭಾನುವಾರ ಬೆಳಿಗ್ಗೆ. ಅಂಗಡಿಯವನು ನೀರು ಹರಿಯುತ್ತಿದ್ದ ಟ್ರೇಯಿಂದ ಒಂದು ಚಮಚದಷ್ಟು ಕೆಂಪು ಉಂಡೆ ತೆಗೆದ. ಪ್ಲಾಸ್ಟಿಕ್ ಕವರಿಗೆ ಹಾಕಿ ರಬ್ಬರ್ ಬ್ಯಾಂಡ್ ಸುತ್ತಿದ. "ಎಷ್ಟು ದಿನ ಬರುತ್ತೆ ಅಣ್ಣ?" ಅಂದೆ. "ನೀರು ಚೇಂಜ್ ಮಾಡ್ತಾ ಇರಿ ಸಾರ್, ಒಂದು ವಾರ ಎಲ್ಲೂ ಹೋಗಲ್ಲ" ಅಂದ. ಮನೆಗೆ ಬಂದವನೇ ದೊಡ್ಡ ಸ್ಟೀಲ್ ಚೊಂಬಿಗೆ ಕಂಠದವರೆಗೆ ನೀರು ತುಂಬಿ ಹುಳುಗಳನ್ನು ಅದರಲ್ಲಿ ಬಿಟ್ಟೆ. ಮೇಲೊಂದು ತಟ್ಟೆ ಮುಚ್ಚಿದೆ.

ಸೋಮವಾರ ಬೆಳಿಗ್ಗೆ ಅಡುಗೆಮನೆಗೆ ಕಾಲಿಟ್ಟರೆ ವಾಸನೆ. ಬತ್ತಿದ ಕೆರೆಯ ಕೆಸರು ಕೆದಕಿದಾಗ ಬರುತ್ತದಲ್ಲ, ಅದೇ. ಚೊಂಬಿನ ನೀರು ಮಾಂಸ ತೊಳೆದ ನೀರಿನ ಬಣ್ಣಕ್ಕೆ ತಿರುಗಿತ್ತು. ತಳದಲ್ಲಿದ್ದ ಉಂಡೆಯನ್ನು ಚಮಚದಿಂದ ಮುಟ್ಟಿದೆ. ಅದು ಅಲ್ಲಾಡಲಿಲ್ಲ, ಬೆಂದ ಶಾವಿಗೆಯ ಹಾಗೆ ಬಿಡಿಬಿಡಿಯಾಗಿ ಕರಗಿತು. ಎಲ್ಲೂ ಹೋಗಲ್ಲ ಅಂದಿದ್ದ. ನಿಜ, ಎಲ್ಲೂ ಹೋಗಿರಲಿಲ್ಲ. ಅಲ್ಲೇ ಸತ್ತಿದ್ದವು.

ವಿಚಿತ್ರ ಅಲ್ವಾ? ಇದು ಮೋರಿಯ ಹುಳು. ಬೇರೆ ಜೀವಿಗಳು ತಲೆ ಹಾಕದ ಕೊಳಚೆಯಲ್ಲಿ ಇದರ ಸಂಸಾರ. ಒಂದು ಹೊಳೆಯಲ್ಲೋ ಕಾಲುವೆಯಲ್ಲೋ ಬೇರೆ ಜೀವಿಗಳು ಮಾಯವಾಗಿ ಈ ಜಾತಿಯ ಹುಳುಗಳೇ ತುಂಬಿಕೊಂಡಿದ್ದರೆ, ಆ ನೀರು ಕೆಟ್ಟಿದೆ ಅನ್ನುವುದಕ್ಕೆ ಅದೇ ಗುರುತು. ಅಂಥ ಗಟ್ಟಿ ಜೀವ ತೊಳೆದ ಚೊಂಬಿನ ತಿಳಿ ನೀರಿನಲ್ಲಿ ಒಂದು ರಾತ್ರಿಯೂ ಬಾಳಲಿಲ್ಲ ಅಂದರೆ ಏನರ್ಥ? ಈ ಒಂದು ಪ್ರಶ್ನೆಗೆ ಉತ್ತರ ಗೊತ್ತಾದರೆ ಸಾಕು. ಹುಳು ಇಟ್ಟುಕೊಳ್ಳುವ ಉಪಾಯಗಳೆಲ್ಲ ತಾವಾಗೇ ಹೊಳೆಯುತ್ತವೆ.

ತಲೆ ಕೆಳಗೆ, ಬಾಲ ಮೇಲೆ

ಟ್ಯೂಬಿಫೆಕ್ಸ್ ಎರೆಹುಳುವಿನ ದಾಯಾದಿ. ದಪ್ಪ ಹೊಲಿಗೆ ದಾರದಷ್ಟು ಸಪೂರ, ಎರಡು ಮೂರು ಸೆಂಟಿಮೀಟರ್ ಉದ್ದ. ಡೆನ್ಮಾರ್ಕಿನ ಮ್ಯುಲ್ಲರ್ ಎಂಬ ಜೀವಿಶಾಸ್ತ್ರಜ್ಞ 1774ರಲ್ಲೇ ಇದನ್ನು ವಿವರಿಸಿ ಬರೆದಿದ್ದ. ಕೆಸರಿನೊಳಗೆ ಒಂದು ಸಣ್ಣ ಕೊಳವೆ ಮಾಡಿಕೊಂಡು ಅದರಲ್ಲಿ ತಲೆಕೆಳಗಾಗಿ ಕೂರುತ್ತದೆ. ಹೆಸರಿನಲ್ಲಿರುವ 'ಟ್ಯೂಬ್' ಆ ಕೊಳವೆಯದೇ. ಕೆಳಗಿನ ತುದಿ ಬಾಯಿ. ಅದು ಕೆಸರನ್ನು ನುಂಗುತ್ತಾ, ಕೊಳೆತ ಪದಾರ್ಥ ಮತ್ತು ಬ್ಯಾಕ್ಟೀರಿಯಾಗಳನ್ನು ಜೀರ್ಣಿಸಿಕೊಳ್ಳುತ್ತದೆ. ಮೇಲಿನ ತುದಿ ಬಾಲ. ಅದು ನೀರಿನಲ್ಲಿ ಬಳುಕುತ್ತಾ ಇರುತ್ತದೆ.

ಆ ಬಳುಕಾಟ ಸುಮ್ನೆ ಅಲ್ಲ. ಇದಕ್ಕೆ ಶ್ವಾಸಕೋಶವಿಲ್ಲ, ಮೀನಿನ ಹಾಗೆ ಕಿವಿರೂ ಇಲ್ಲ. ಉಸಿರಾಟವೆಲ್ಲ ಚರ್ಮದ ಮೂಲಕ, ಅದರಲ್ಲೂ ಬಾಲದ ಕಡೆಯಿಂದ. ಬಾಲ ಆಡಿಸಿದರೆ ಸುತ್ತಲಿನ ಹಳೇ ನೀರು ಸರಿದು ಹೊಸ ನೀರು ಬರುತ್ತದೆ. ನೀರಿನಲ್ಲಿ ಆಮ್ಲಜನಕ ಕಡಿಮೆಯಾದಷ್ಟೂ ಹುಳು ಬಾಲವನ್ನು ಇನ್ನೂ ಹೊರಗೆ ಚಾಚುತ್ತದೆ, ಇನ್ನೂ ಜೋರಾಗಿ ಆಡಿಸುತ್ತದೆ. ಕೆಂಪು ಬಣ್ಣ ಬಂದಿರುವುದು ಹಿಮೋಗ್ಲೋಬಿನ್‌ನಿಂದ, ನಮ್ಮ ರಕ್ತದ ಹಾಗೇ. ಆದರೆ ನಮ್ಮಲ್ಲಿ ಅದು ಕಣಗಳೊಳಗಿದೆ. ಇದರಲ್ಲಿ ನೇರವಾಗಿ ರಕ್ತದಲ್ಲೇ ಕರಗಿದೆ. ನೀರಿನಲ್ಲಿ ಚೂರುಪಾರು ಆಮ್ಲಜನಕ ಇದ್ದರೂ ಅದನ್ನು ಎಳೆದುಕೊಳ್ಳುವ ತಾಕತ್ತು ಅದಕ್ಕಿದೆ.

ಮೋರಿಯಲ್ಲಿ ಹುಳುವಿಗೆ ಎರಡು ಅನುಕೂಲ. ಒಂದು, ನೀರು ಎಷ್ಟೇ ಕೊಳಕಾದರೂ ಹರಿಯುತ್ತಿರುತ್ತದೆ. ಹುಳುವಿನ ಕಸವನ್ನೂ ಹೊತ್ತುಕೊಂಡು ಹೋಗುತ್ತದೆ. ಎರಡು, ಪ್ರತಿಯೊಂದು ಹುಳುವಿಗೂ ಅದರದೇ ಕಿಟಕಿ ಇದೆ. ತಲೆ ಕೆಸರಿನಲ್ಲಿ, ಬಾಲ ಬಯಲಲ್ಲಿ.

ಆ ಕೆಸರನ್ನೇ ತೆಗೆದುಬಿಟ್ಟರೆ? ಹಿಡಿದುಕೊಳ್ಳಲು ಏನೂ ಸಿಗದೆ ಹುಳುಗಳು ಒಂದನ್ನೊಂದು ಹಿಡಿದುಕೊಳ್ಳುತ್ತವೆ. ಹಾಗೇ ಉಂಡೆಯಾಗುತ್ತವೆ. 2009ರಲ್ಲಿ ಅಮೆರಿಕದ ರಾಲಿ ಊರಿನ ಚರಂಡಿ ಪೈಪಿನೊಳಗೆ ಕ್ಯಾಮೆರಾ ಬಿಟ್ಟಾಗ, ಮಿಡಿಯುವ ಮಾಂಸದ ಮುದ್ದೆಯಂಥದ್ದು ಗೋಡೆಗೆ ಅಂಟಿಕೊಂಡಿದ್ದು ಕಂಡಿತ್ತು. ವಿಡಿಯೊ ಲೋಕವೆಲ್ಲ ಸುತ್ತಿತು. ಅನ್ಯಗ್ರಹದ ಜೀವಿ ಅಂತಲೂ ಕೆಲವರು ಅಂದರು. ನೋಡಿದರೆ ಅದು ಇದೇ ಹುಳುಗಳ ಗುಂಪು. ಇವುಗಳ ನೆಂಟ ಬ್ಲ್ಯಾಕ್‌ವರ್ಮ್ ಅಂತ ಇನ್ನೊಂದಿದೆ, ಅಮೆರಿಕದ ಮೀನು ಸಾಕಣೆಯವರಲ್ಲಿ ಬಹಳ ಬಳಕೆಯಲ್ಲಿರುವುದು. ಅದರ ಉಂಡೆಯ ಮೇಲೆ ಅಲ್ಲಿನ ಜಾರ್ಜಿಯಾ ಟೆಕ್ ವಿಶ್ವವಿದ್ಯಾಲಯದ ಸಂಶೋಧಕರ ತಂಡವೊಂದು ಕೆಲಸ ಮಾಡಿ 2023ರಲ್ಲಿ ಪ್ರಕಟಿಸಿತು. ಗಂಟು ಹಾಕಿಕೊಳ್ಳಲು ಆ ಹುಳುಗಳಿಗೆ ಕೆಲವು ನಿಮಿಷ ಬೇಕು. ಅಪಾಯ ಅನ್ನಿಸಿದರೆ ಬಿಡಿಸಿಕೊಂಡು ಚದುರಲು ಮಿಲಿಸೆಕೆಂಡುಗಳು ಸಾಕು. ನಮ್ಮನೆಯ ಇಯರ್‌ಫೋನ್ ವೈರಿಗೆ ಈ ವಿದ್ಯೆ ಬಂದಿದ್ದರೆ ಚೆನ್ನಾಗಿತ್ತು.

ಉಂಡೆ ಹುಳುವಿಗೆ ರಕ್ಷಣೆ. ಹೊರಗಿನವು ಉಸಿರಾಡುತ್ತವೆ, ಒಳಗಿನವು ಹೊರಗೆ ಬರಲು ಸರದಿ ಕಾಯುತ್ತವೆ. ಹರಿಯುವ ನೀರಿನಲ್ಲಿ ಇದು ನಡೆಯುತ್ತದೆ. ನಿಂತ ನೀರಿನಲ್ಲಿ ಇದೇ ಉಂಡೆ ಅವುಗಳ ಗೋರಿಯಾಗುತ್ತದೆ.

ಚೊಂಬಿನ ಲೆಕ್ಕ

ನೀರು ಜಾಸ್ತಿ ಇದ್ದರೆ ಆಮ್ಲಜನಕವೂ ಜಾಸ್ತಿ ಅಂತ ನಾನು ಅಂದುಕೊಂಡಿದ್ದೆ. ಶುರುವಿನಲ್ಲಿ ಅದು ನಿಜವೇ. ಆದರೆ ಇದ್ದದ್ದು ಖಾಲಿಯಾದ ಮೇಲೆ ಹೊಸದು ಎಲ್ಲಿಂದ ಬರಬೇಕು? ಮೇಲಿನ ಗಾಳಿಯಿಂದ. ನೀರಿನೊಳಗೆ ಆಮ್ಲಜನಕ ಇಳಿಯುವುದು ಗಾಳಿಯಲ್ಲಿ ಹರಡುವುದಕ್ಕಿಂತ ಸುಮಾರು ಹತ್ತು ಸಾವಿರ ಪಟ್ಟು ನಿಧಾನ. ನೀರು ಒಂದಿಷ್ಟೂ ಕದಡದೆ ನಿಂತಿದೆ ಅಂತಿಟ್ಟುಕೊಳ್ಳಿ. ಒಂದು ಸೆಂಟಿಮೀಟರ್ ಆಳಕ್ಕೆ ಆಮ್ಲಜನಕ ತಾನಾಗೇ ತಲುಪಲು ಹೆಚ್ಚುಕಡಿಮೆ 7 ಗಂಟೆ ಬೇಕು. ಹಾಗಾದರೆ 10 ಸೆಂಟಿಮೀಟರಿಗೆ 70 ಗಂಟೆಯೇ? ಅಲ್ಲ. ಆಳ ಹತ್ತು ಪಟ್ಟಾದರೆ ಹೊತ್ತು ನೂರು ಪಟ್ಟು. ಅಂದರೆ 700 ಗಂಟೆ, ಹತ್ತಿರ ಹತ್ತಿರ ಒಂದು ತಿಂಗಳು!

ನಿಜವಾದ ಚೊಂಬಿನಲ್ಲಿ ನೀರು ಇಷ್ಟು ನಿಶ್ಚಲವಾಗಿರುವುದಿಲ್ಲ. ಬಿಸಿ ತಣ್ಣಗಾಗುತ್ತಾ ಸ್ವಲ್ಪ ಮೇಲೆ ಕೆಳಗೆ ಆಡುತ್ತದೆ. ಆದರೂ ವಿಷಯ ಅರ್ಥವಾಯಿತಲ್ಲ. ನನ್ನ ಹುಳುಗಳು ಒಂದು ಗೇಣು ನೀರಿನ ತಳದಲ್ಲಿ, ಅದೂ ಉಂಡೆಯ ಒಳಗೆ, ಮೇಲೆ ತಟ್ಟೆ ಮುಚ್ಚಿದ ಚೊಂಬಿನಲ್ಲಿ ಕೂತಿದ್ದವು. ಚೊಂಬಿನ ಬಾಯಿ ಬೇರೆ ಕಿರಿದು. ಗಾಳಿಗೆ ತೆರೆದಿದ್ದ ಜಾಗ ಅಂಗೈಯಗಲ.

ಇದರ ಜೊತೆಗೆ ಬಿಸಿ. ತಣ್ಣೀರಿನಲ್ಲಿ ಆಮ್ಲಜನಕ ಜಾಸ್ತಿ ಹಿಡಿಯುತ್ತದೆ, ಬೆಚ್ಚಗಾದಂತೆ ಕಡಿಮೆ. 5 ಡಿಗ್ರಿಯ ನೀರು ಲೀಟರಿಗೆ ಸುಮಾರು 13 ಮಿಲಿಗ್ರಾಂ ಹಿಡಿದರೆ 30 ಡಿಗ್ರಿಯ ನೀರು 7.5ರ ಆಸುಪಾಸು. ಹುಳುವಿನ ಅಗತ್ಯ ಮಾತ್ರ ಇದಕ್ಕೆ ತದ್ವಿರುದ್ಧ. ಇಂಥ ತಣ್ಣನೆ ರಕ್ತದ ಜೀವಿಗಳಲ್ಲಿ ಪ್ರತಿ 10 ಡಿಗ್ರಿ ಏರಿದಾಗ ಉಸಿರಾಟದ ವೇಗ ಸುಮಾರು ಎರಡು ಪಟ್ಟಾಗುತ್ತದೆ. ಹಾಗಾಗಿ ಏಪ್ರಿಲ್ ತಿಂಗಳ ಅಡುಗೆಮನೆಯಲ್ಲಿರುವ ಹುಳುವಿಗೆ ಫ್ರಿಜ್ಜಿನೊಳಗಿನ ಹುಳುವಿಗಿಂತ ನಾಲ್ಕೈದು ಪಟ್ಟು ಆಮ್ಲಜನಕ ಬೇಕು. ಸಿಗುವುದು ಮಾತ್ರ ಅರ್ಧದ ಹತ್ತಿರ. ಸಂಬಳ ಅರ್ಧ, ಖರ್ಚು ಐದು ಪಟ್ಟು. ಯಾರ ಸಂಸಾರ ನಡೆಯುತ್ತದೆ?

ಮೊದಲು ಉಂಡೆಯ ನಡುವಿನ ಹುಳು ಸಾಯುತ್ತದೆ. ಚರ್ಮ ತೆಳು, ಬೇಗ ಒಡೆಯುತ್ತದೆ. ಒಳಗಿನ ರಕ್ತ, ಕೊಳಕು ಎಲ್ಲ ನೀರಿಗೆ. ಅದನ್ನು ತಿನ್ನಲು ಬ್ಯಾಕ್ಟೀರಿಯಾ ದಂಡು ಬರುತ್ತದೆ. ಆ ದಂಡಿಗೂ ಆಮ್ಲಜನಕ ಬೇಕು! ಉಳಿದದ್ದನ್ನು ಅದು ಕಸಿದುಕೊಳ್ಳುತ್ತದೆ. ಕೊಳೆತದ್ದರಿಂದ ಅಮೋನಿಯಾ ಹುಟ್ಟುತ್ತದೆ. ಬದುಕಿರುವ ಹುಳುಗಳೂ ಅಮೋನಿಯಾ ಬಿಡುತ್ತಲೇ ಇರುತ್ತವೆ. ನೀರು ಬೆಚ್ಚಗಿದ್ದಷ್ಟೂ, ಕ್ಷಾರ ಜಾಸ್ತಿ ಇದ್ದಷ್ಟೂ ಅದರಲ್ಲಿ ವಿಷದ ಪಾಲು ಜಾಸ್ತಿ. ಪಕ್ಕದ ಹುಳು ಸಾಯುತ್ತದೆ, ಆಮೇಲೆ ಅದರ ಪಕ್ಕದ್ದು. ಬುಟ್ಟಿಯಲ್ಲಿ ಒಂದು ಟೊಮೆಟೊ ಕೊಳೆತರೆ ಆಗುವ ಕಥೆಯೇ ಇದು. ಟೊಮೆಟೊಗೆ ಮೂರು ದಿನ ಬೇಕಾದರೆ ಹುಳುವಿಗೆ ಮೂರು ಗಂಟೆ ಸಾಕು.

ಒಟ್ಟಿನಲ್ಲಿ ಮೋರಿಯ ಹುಳುವನ್ನು ಕೊಂದದ್ದು ಕೊಳಕಲ್ಲ. ಆಳ, ಗುಂಪು, ಬಿಸಿ.

ಬಿರಿಯಾನಿ ಡಬ್ಬಿ

ಇದಕ್ಕೆ ಮದ್ದು ಎಲ್ಲರ ಮನೆಯಲ್ಲೂ ಇದೆ. ಬಿರಿಯಾನಿ ಪಾರ್ಸೆಲ್ ಬರುತ್ತದಲ್ಲ, ಅಗಲವಾದ, ಗಿಡ್ಡ ಪ್ಲಾಸ್ಟಿಕ್ ಡಬ್ಬಿ. ಅದೇ. ಎಣ್ಣೆ ಜಿಡ್ಡು ಹೋಗುವ ಹಾಗೆ ಬಿಸಿನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ಸೋಪಿನ ಪಸೆ ಒಂದಿಷ್ಟೂ ಉಳಿಯಬಾರದು. ಹುಳುಗಳನ್ನು ತಳದಲ್ಲಿ ದೋಸೆ ಹುಯ್ದ ಹಾಗೆ ತೆಳ್ಳಗೆ ಹರಡಿ. ದಪ್ಪ ಅರ್ಧ ಸೆಂಟಿಮೀಟರ್ ದಾಟಬಾರದು. ನೀರು ಅವು ಮುಳುಗಿ ಒಂದು ಎಳೆ ಮೇಲೆ ನಿಂತರೆ ಸಾಕು. ನೋಡುವವರಿಗೆ 'ಅಯ್ಯೋ, ನೀರೇ ಇಲ್ಲ' ಅನ್ನಿಸಬೇಕು, ಅಷ್ಟು. ತಂದದ್ದು ಜಾಸ್ತಿ ಇದ್ದರೆ ಎರಡು ಡಬ್ಬಿ ಮಾಡಿ, ಒಂದರಲ್ಲೇ ತುರುಕಬೇಡಿ. ಮುಚ್ಚಳಕ್ಕೆ ಸೂಜಿ ಕಾಯಿಸಿ ಹತ್ತಿಪ್ಪತ್ತು ತೂತು.

ಹರಡಿದ ಹುಳುಗಳು ಐದೇ ನಿಮಿಷದಲ್ಲಿ ಮತ್ತೆ ಉಂಡೆ ಕಟ್ಟುತ್ತವೆ. ಗಾಬರಿ ಬೇಡ. ತೆಳು ನೀರಿನಲ್ಲಿ ಉಂಡೆಯೂ ಚಪ್ಪಟೆಯಾಗೇ ಇರುತ್ತದೆ. ಎಲ್ಲಕ್ಕೂ ಗಾಳಿ ಹತ್ತಿರ.

ಆಮೇಲೆ ಫ್ರಿಜ್. 5ರಿಂದ 8 ಡಿಗ್ರಿ ಇದ್ದರೆ ಒಳ್ಳೆಯದು. ತರಕಾರಿ ಟ್ರೇಗಿಂತ ಒಂದು ಮೆಟ್ಟಿಲು ಮೇಲಿನ ತಟ್ಟು ಸರಿಯಾದ ಜಾಗ. ಫ್ರೀಜರ್ ಗೋಡೆಗೆ ಒತ್ತಿ ಇಟ್ಟರೆ ಅಂಚಿನಲ್ಲಿ ಐಸ್ ಕಟ್ಟಿ ಹುಳು ಸಾಯುತ್ತದೆ. ಬಾಗಿಲಿನ ತಟ್ಟಿನಲ್ಲಿಟ್ಟರೆ ಬಾಗಿಲು ತೆಗೆದಾಗಲೆಲ್ಲ ಬಿಸಿಗಾಳಿ.

ಇಲ್ಲಿ ಒಂದು ಸಂಸಾರದ ಸಮಸ್ಯೆ ಇದೆ, ಮುಚ್ಚಿಡುವುದು ಬೇಡ. ಒಮ್ಮೆ ನಮ್ಮಾಕೆ ಬೀಟ್‌ರೂಟ್ ಪಲ್ಯ ಅಂದುಕೊಂಡು ಡಬ್ಬಿ ತೆರೆದಳು. ಪಲ್ಯ ಅಲ್ಲಾಡಿತು. "ರೀ, ಇಲ್ಲಿ ಬನ್ನಿ" ಅಂದ ದನಿ ನನಗೆ ಇನ್ನೂ ನೆನಪಿದೆ. ಅವಳು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಇದು ಕೊಳಚೆಯಿಂದ ಬಂದ ಹುಳು. ಅದರ ಜೊತೆ ಏನೇನು ಬ್ಯಾಕ್ಟೀರಿಯಾ ಬಂದಿರುತ್ತದೋ ಯಾರು ಬಲ್ಲರು? ಈಗ ಡಬ್ಬಿಯನ್ನು ಇನ್ನೊಂದು ದೊಡ್ಡ ಡಬ್ಬಿಯೊಳಗೆ ಇಡುತ್ತೇನೆ, ಚೆಲ್ಲಿದರೂ ಹೊರಗೆ ಬರದ ಹಾಗೆ. ಮೇಲೆ ಮಾರ್ಕರಿನಲ್ಲಿ ದಪ್ಪಕ್ಕೆ 'ಹುಳು' ಅಂತ ಬರೆದಿದೆ, ಅಕ್ಷರ ಅವಳದೇ. ಕೈ ಸೋಪು ಹಾಕಿ ತೊಳೆಯಬೇಕು. ಕೈಗೆ ಗಾಯವಾಗಿದ್ದರೆ ಅವತ್ತು ಮುಟ್ಟಬಾರದು. ಹುಳು ತೊಳೆಯುವ ಜಾಲರಿ ಬೇರೆ, ಟೀ ಸೋಸುವ ಜಾಲರಿ ಬೇರೆ. ಮನೆಯಲ್ಲಿ ಎಲ್ಲವನ್ನೂ ಬಾಯಿಗಿಡುವ ಪುಟ್ಟ ಮಗು ಇದ್ದರೆ ಈ ಹುಳುವಿನ ಗೊಡವೆಗೇ ಹೋಗಬೇಡಿ ಅನ್ನುತ್ತೇನೆ.

ದಿನದ ತೊಳೆತ

ದಿನಕ್ಕೊಮ್ಮೆ ತೊಳೆಯಲೇಬೇಕು. ಬೇಸಿಗೆಯಲ್ಲಿ ಎರಡು ಸಲ ಆದರೆ ಇನ್ನೂ ವಾಸಿ. ನಾನು ಮಾಡುವುದು ಹೀಗೆ. ಡಬ್ಬಿಯನ್ನು ಓರೆ ಮಾಡಿ ಹಳೇ ನೀರನ್ನು ನಿಧಾನಕ್ಕೆ ಬಸಿಯುತ್ತೇನೆ. ಬದುಕಿದ ಹುಳುಗಳು ಒಂದನ್ನೊಂದು ಹಿಡಿದುಕೊಂಡು ತಳಕ್ಕೇ ಅಂಟಿರುತ್ತವೆ. ಸತ್ತವು ಹಿಡಿತ ತಪ್ಪಿ ನೀರಿನ ಜೊತೆ ತೇಲಿ ಬರುತ್ತವೆ. ಬಿಳಿಚಿಕೊಂಡ, ಬೂದಿ ಬಣ್ಣದ ದಾರದ ತುಂಡುಗಳು. ಅಂದರೆ ಬೇರ್ಪಡಿಸುವ ಕೆಲಸವನ್ನು ಹುಳುಗಳೇ ಮಾಡಿಕೊಡುತ್ತವೆ! ಹೊಸ ನೀರು ಸುರಿದು, ಡಬ್ಬಿಯನ್ನು ಬಟ್ಟಲಲ್ಲಿ ಅಕ್ಕಿ ತೊಳೆದ ಹಾಗೆ ಒಂದು ಸುತ್ತು ತಿರುಗಿಸಿ ಮತ್ತೆ ಬಸಿಯಿರಿ. ಮೂರ್ನಾಲ್ಕು ಸಲ. ಬಸಿದ ನೀರು ತಿಳಿಯಾಗುವವರೆಗೆ. ಕೊನೆಗೆ ಒಂದು ಎಳೆ ನೀರು ಬಿಟ್ಟು ಮುಚ್ಚಿ.

ಆರೋಗ್ಯ ನೋಡಲು ಬೆರಳಿನಿಂದ ಡಬ್ಬಿಯ ಗೋಡೆಗೆ ಒಂದು ಮೀಟು. ಹೊರಗೆ ಚಾಚಿದ್ದ ಬಾಲಗಳೆಲ್ಲ ಒಟ್ಟಿಗೇ ಸರ್ರನೆ ಒಳಗೆ ಎಳೆದುಕೊಳ್ಳಬೇಕು, ಮುಟ್ಟಿದರೆ ಮುನಿಯ ಎಲೆಯ ಹಾಗೆ. ಫ್ರಿಜ್ಜಿನಿಂದ ಆಗಷ್ಟೇ ತೆಗೆದಿದ್ದರೆ ಇದು ಸ್ವಲ್ಪ ನಿಧಾನ, ಎರಡು ನಿಮಿಷ ಬಿಟ್ಟು ನೋಡಿ. ಬಣ್ಣ ಕಡು ಕೆಂಪು ಇರಬೇಕು, ಉಂಡೆ ಬಿಗಿ ಇರಬೇಕು. ಸಡಿಲವಾಗಿ, ಗುಲಾಬಿಗೆ ತಿರುಗಿ, ಮೀಟಿದರೂ ಸುಮ್ಮನಿದ್ದರೆ ಅರ್ಧ ಕಥೆ ಮುಗಿದಿದೆ ಅಂತ. ಅಂಥದ್ದನ್ನು 'ಇನ್ನೂ ಕೆಲವು ಅಲ್ಲಾಡ್ತಿವೆಯಲ್ಲ' ಅಂತ ಮೀನಿಗೆ ಹಾಕುವ ಆಸೆ ಬೇಡ. ನಾನು ಹಾಕಿದ್ದೇನೆ. ಎರಡು ದಿನ ಟ್ಯಾಂಕಿನ ನೀರು ಮಂಜು ಕವಿದ ಹಾಗೆ ಇತ್ತು.

ಅಂಗಡಿಯಲ್ಲೂ ಇದೇ ಪರೀಕ್ಷೆ. ಬೆಳಿಗ್ಗೆ ಹೋಗಿ, ಸರಕು ಯಾವತ್ತು ಬರುತ್ತದೆ ಕೇಳಿಕೊಂಡು ಅವತ್ತೇ ಹೋಗಿ. ಟ್ರೇ ಹತ್ತಿರ ಬಗ್ಗಿ ಮೂಸಿ ನೋಡಿ, ನಾಚಿಕೆ ಬೇಡ. ಮಣ್ಣಿನ ವಾಸನೆ ಸರಿ, ಕೊಳೆತ ವಾಸನೆ ಬಂದರೆ ವಾಪಸ್.

ನೀರಿನ ವಿಷಯ. ಕಾರ್ಪೊರೇಷನ್ ನಲ್ಲಿಯ ನೀರಿಗೆ ಕ್ಲೋರಿನ್ ಹಾಕಿರುತ್ತಾರೆ. ಚರ್ಮದಲ್ಲೇ ಉಸಿರಾಡುವ ಜೀವಕ್ಕೆ ಅದು ಸುಡುವ ನೀರು. ಬಕೆಟ್ಟಿನಲ್ಲಿ ಒಂದು ದಿನ ತೆರೆದಿಟ್ಟರೆ ಕ್ಲೋರಿನ್ ಹಾರಿಹೋಗುತ್ತದೆ. ಕ್ಲೋರಿನ್ ಜೊತೆ ಅಮೋನಿಯಾ ಸೇರಿದ ಕ್ಲೋರಮಿನ್ ಹಾಕುವ ಊರಾದರೆ ಹಾಗೆ ಹಾರುವುದಿಲ್ಲ, ಅಲ್ಲಿ ಅಕ್ವೇರಿಯಂ ಅಂಗಡಿಯ ಆಂಟಿ ಕ್ಲೋರಿನ್ ಹನಿಗಳೇ ಗತಿ. ಬೋರ್‌ವೆಲ್ ನೀರು ಎಷ್ಟೇ ಗಡುಸಾದರೂ ಹುಳು ಸಹಿಸುತ್ತದೆ. ಆರ್‌ಒ ನೀರು ಬೇಡ, ಅದರಲ್ಲಿ ಲವಣ ತೀರಾ ಕಡಿಮೆ. ಎಲ್ಲಕ್ಕಿಂತ ಸುಲಭ ಅಂದರೆ ವಾರಕ್ಕೊಮ್ಮೆ ಮೀನಿನ ಟ್ಯಾಂಕಿನಿಂದ ತೆಗೆಯುವ ನೀರು. ಆದರೆ ಆ ಟ್ಯಾಂಕಿಗೆ ತಾಮ್ರ ಇರುವ ಔಷಧಿ ಹಾಕಿರಬಾರದು. ಮೀನು ತಡೆದುಕೊಳ್ಳುವಷ್ಟು ತಾಮ್ರವೂ ಹುಳುವಿಗೆ ವಿಷ.

ಇನ್ನು, ಹುಳುವಿಗೆ ಊಟ? ಏನೂ ಬೇಡ. ಬ್ರೆಡ್ಡಿನ ಚೂರು, ಮೀನಿನ ಆಹಾರದ ಪುಡಿ ಹಾಕುವವರನ್ನು ಕಂಡಿದ್ದೇನೆ. ಅವರ ಪ್ರೀತಿ ದೊಡ್ಡದು, ಆದರೆ ಹುಳು ತಿನ್ನುವುದಕ್ಕೆ ಮೊದಲು ಅದು ಕೊಳೆಯುತ್ತದೆ. ತಣ್ಣಗಿರುವ ಹುಳು ವಾರ ಹತ್ತು ದಿನ ಉಪವಾಸ ಇದ್ದರೆ ಏನೂ ಆಗುವುದಿಲ್ಲ.

ಉಪವಾಸದಿಂದ ಇನ್ನೊಂದು ಲಾಭವೂ ಇದೆ. ತಂದಾಗ ಹುಳುವಿನ ಹೊಟ್ಟೆ ತುಂಬಾ ಮೋರಿಯ ಕೆಸರು. ಅದೇ ಗಳಿಗೆಯಲ್ಲಿ ಮೀನಿಗೆ ಹಾಕಿದರೆ ಕೆಸರನ್ನೂ ಉಣಿಸಿದ ಹಾಗೆ. ಒಂದು ದಿನ ಬಿಟ್ಟರೆ ಹೊಟ್ಟೆ ಬಹುಪಾಲು ಖಾಲಿ. ಆದರೆ ಇಲ್ಲೊಂದು ಸೂಕ್ಷ್ಮ. ತಂದ ಕೂಡಲೇ ಫ್ರಿಜ್ಜಿಗೆ ತುರುಕಿದರೆ ಚಳಿಗೆ ಜೀರ್ಣವೂ ನಿಧಾನವಾಗಿ, ಕೊಳಕು ಒಳಗೇ ಉಳಿಯುತ್ತದೆ. ಹಾಗಾಗಿ ಮೊದಲ ದಿನ ಹೊರಗೆ, ಹನಿ ನೀರಿನ ಕೆಳಗೆ. ಎರಡನೇ ದಿನದಿಂದ ಫ್ರಿಜ್.

ಹನಿ ನೀರು, ಒದ್ದೆ ಬಟ್ಟೆ

ಹನಿ ನೀರು ಅಂದರೆ ಅಂಗಡಿಯವರು ಮಾಡುವುದರ ಸಣ್ಣ ರೂಪ. ಎತ್ತರದಲ್ಲಿ ಒಂದು ಬಕೆಟ್. ಅದಕ್ಕೆ ಮೆಡಿಕಲ್ ಶಾಪಿನಲ್ಲಿ ಸಿಗುವ ಹೊಸ ಡ್ರಿಪ್ ಸೆಟ್ಟಿನ ಪೈಪು. ಚಕ್ರ ತಿರುಗಿಸಿ ಸೆಕೆಂಡಿಗೆ ಒಂದು ಹನಿ ಇಳಿಯುವ ಹಾಗೆ ಮಾಡಿ. ಡಬ್ಬಿಯ ಗೋಡೆಯಲ್ಲಿ ಎರಡು ಸೆಂಟಿಮೀಟರ್ ಎತ್ತರದಲ್ಲಿ ಒಂದು ತೂತು ಮಾಡಿದರೆ ಹೆಚ್ಚಾದ ನೀರು ಹೊರಗೆ ಹೋಗುತ್ತದೆ. ಫ್ರಿಜ್ಜಿನಲ್ಲಿ ಇಷ್ಟು ನೀರು ಕೂಡದು. ಇಲ್ಲಿ ಪರವಾಗಿಲ್ಲ, ಯಾಕೆಂದರೆ ಪ್ರತಿ ಹನಿಯೂ ಬೀಳುವಾಗ ನೀರನ್ನು ಕದಡಿ ಗಾಳಿ ಸೇರಿಸುತ್ತದೆ. ಸುಮಾರು 20 ಹನಿಗೆ ಒಂದು ಎಂಎಲ್. ಇಡೀ ದಿನಕ್ಕೆ 4 ಲೀಟರಿಗಿಂತ ಸ್ವಲ್ಪ ಜಾಸ್ತಿ. 2024ರ ಬೇಸಿಗೆಯಲ್ಲಿ ಬೆಂಗಳೂರಿನಲ್ಲಿ ಟ್ಯಾಂಕರಿಗೆ ಕಾದವರು ಹುಳುವಿಗೆ ನಲ್ಲಿ ಬಿಟ್ಟು ಕೂರಲು ಆಗುತ್ತದೆಯೇ? 4 ಲೀಟರಾದರೆ ಕುಂಡದ ಗಿಡಗಳಿಗೆ ಹೋಗುತ್ತದೆ, ಮನಸ್ಸಿಗೂ ಚುಚ್ಚುವುದಿಲ್ಲ.

ಫ್ರಿಜ್ಜಿನಲ್ಲಿ ಜಾಗ ಕೊಡುವುದಿಲ್ಲ ಅಂತ ಮನೆಯವರು ಖಡಾಖಂಡಿತವಾಗಿ ಹೇಳಿದರೆ ಮಣ್ಣಿನ ತಟ್ಟೆ ಇದೆ. ಅಗಲವಾದ ಮಣ್ಣಿನ ತಟ್ಟೆಯಲ್ಲಿ ನೀರು, ಅದರೊಳಗೆ ಹುಳುವಿನ ಡಬ್ಬಿ, ಮೇಲೆ ನೀರಿಗೆ ತುದಿ ಇಳಿಬಿಟ್ಟ ಒದ್ದೆ ಬಟ್ಟೆ. ನೀರು ಆರುತ್ತಾ ಡಬ್ಬಿಯನ್ನು ತಣ್ಣಗಿಡುತ್ತದೆ. ಬಳ್ಳಾರಿ, ಕಲಬುರಗಿಯ ಒಣ ಬಿಸಿಲಿನಲ್ಲಿ ಇದು ಹಲವು ಡಿಗ್ರಿ ಇಳಿಸುತ್ತದೆ. ಮಂಗಳೂರಿನಲ್ಲಿ ಪ್ರಯೋಜನ ಕಡಿಮೆ. ಅಲ್ಲಿ ಒಗೆದ ಬಟ್ಟೆಯೇ ಆರುವುದಿಲ್ಲ, ಇನ್ನು ಈ ಬಟ್ಟೆ ಎಲ್ಲಿ ಆರಬೇಕು? ಕರಾವಳಿಯವರು ಗಾಳಿ ಪಂಪನ್ನೇ ನೆಚ್ಚಿಕೊಳ್ಳುವುದು ಒಳ್ಳೆಯದು. ಸಣ್ಣ ಗುಳ್ಳೆ ಸಾಕು. ಜೋರು ಬಿಟ್ಟರೆ ಹುಳು ಚದುರಿ ಮೂಲೆ ಸೇರುತ್ತವೆ, ಅಷ್ಟೇ.

ಮೀನಿನ ಬಾಯಿಗೆ

ಹಾಕುವ ಮೊದಲು ಇನ್ನೊಮ್ಮೆ ತೊಳೆದು, ಟ್ಯಾಂಕಿನ ನೀರಿನಲ್ಲೇ ಐದು ನಿಮಿಷ ಬಿಡಿ. ಮೀನುಗಳು ಎರಡು ಮೂರು ನಿಮಿಷದಲ್ಲಿ ಮುಗಿಸುವಷ್ಟೇ ಹಾಕಿ. ಮಿಕ್ಕರೆ ಏನಾಗುತ್ತದೆ ಗೊತ್ತಾ? ಕೆಳಗಿರುವ ಜಲ್ಲಿಯನ್ನು ತನ್ನ ಮೋರಿ ಅಂದುಕೊಂಡು ಹುಳು ಒಳಗೆ ಇಳಿದುಬಿಡುತ್ತದೆ. ಮಾರನೇ ದಿನ ನೋಡಿದರೆ ಜಲ್ಲಿಯ ಸಂದಿಯಲ್ಲಿ ಕೆಂಪು ಬಾಲಗಳು ನಾಟ್ಯ ಆಡುತ್ತಿರುತ್ತವೆ. ನೋಡಲು ಚೆಂದ, ಆದರೆ ಮೀನಿಗೆ ಸಿಗದೆ ಅಲ್ಲೇ ಸತ್ತರೆ ಕೊಳೆತ. ಗಾಜಿಗೆ ಅಂಟಿಸುವ ತೂತಿನ ಬಟ್ಟಲು ಸಿಗುತ್ತದೆ, ಅದರಲ್ಲಿಟ್ಟರೆ ಹುಳು ಒಂದೊಂದೇ ತೂರಿ ಬರುತ್ತವೆ. ಗಪ್ಪಿ, ಏಂಜೆಲ್, ಫೈಟರ್ ಮೀನುಗಳು ಕೆಳಗೇ ಕಾಯುತ್ತಾ ನಿಂತು ಎಳೆದುಕೊಳ್ಳುತ್ತವೆ. ಕೋರಿಡೋರಾಸ್ ಮೀನಿದ್ದರೆ ಆ ಬಟ್ಟಲು ಬೇಡ. ಜಲ್ಲಿಗೆ ಮೂತಿ ತೂರಿಸಿ, ಕಣ್ಣಿನವರೆಗೆ ಮರಳಲ್ಲಿ ಮುಳುಗಿ, ಹುಳುವನ್ನು ಎಳೆದು ತೆಗೆಯುವುದೇ ಅದಕ್ಕೆ ಹಬ್ಬ.

ದಿನಾ ಹಾಕುವುದನ್ನು ನಾನು ಬಿಟ್ಟಿದ್ದೇನೆ. ವಾರಕ್ಕೆ ಎರಡು ಸಲ, ಅಷ್ಟೇ. ಒಂದು ಕಾರಣ, ಇದರಲ್ಲಿ ಕೊಬ್ಬು, ಪ್ರೋಟೀನ್ ಎರಡೂ ಜಾಸ್ತಿ. ಗೋಲ್ಡ್‌ಫಿಶ್ ಥರದವಕ್ಕೆ ಹೊಟ್ಟೆ ಉಬ್ಬರಿಸುತ್ತದೆ. ಇನ್ನೊಂದು ಕಾರಣ ತೊಳೆದರೆ ಹೋಗುವಂಥದ್ದಲ್ಲ. ಕೈಗಾರಿಕೆಯ ನೀರು ಸೇರಿದ ಕೆಸರಿನಲ್ಲಿ ಕ್ಯಾಡ್ಮಿಯಂ, ಸೀಸದಂಥ ಲೋಹಗಳಿರುತ್ತವೆ. ಹುಳು ಅವನ್ನು ಮೈಯಲ್ಲೇ ಸೇರಿಸಿಕೊಳ್ಳುತ್ತದೆ. ಹೊಟ್ಟೆಯ ಕೆಸರು ಒಂದು ದಿನದಲ್ಲಿ ಖಾಲಿಯಾದರೂ ಮೈಗೆ ಹತ್ತಿದ್ದು ಹಾಗೆಲ್ಲ ಬಿಡುವುದಿಲ್ಲ. ರೋಗದ ವಿಷಯದಲ್ಲೂ ಈ ಹುಳು ಪೂರ್ತಿ ಅಮಾಯಕ ಅಲ್ಲ. ಟ್ರೌಟ್ ಮೀನುಗಳು ಗಿರಗಿರ ಸುತ್ತುತ್ತಾ ಸಾಯುವ ಒಂದು ಕಾಯಿಲೆ ಯುರೋಪ್, ಅಮೆರಿಕದ ಮೀನು ಫಾರಂಗಳನ್ನು ದಶಕಗಳ ಕಾಲ ಕಾಡಿತ್ತು. ಅದರ ಪರಾವಲಂಬಿ ಮೀನಿನಿಂದ ಮೀನಿಗೆ ನೇರವಾಗಿ ಹೋಗುವುದಿಲ್ಲ, ನಡುವೆ ಟ್ಯೂಬಿಫೆಕ್ಸ್ ಹುಳುವಿನೊಳಗೆ ಇದ್ದು ರೂಪ ಬದಲಿಸಿಕೊಂಡು ಹೋಗುತ್ತದೆ ಅಂತ ವುಲ್ಫ್ ಮತ್ತು ಮಾರ್ಕಿವ್ ಎಂಬ ಸಂಶೋಧಕರು 1984ರಲ್ಲಿ ತೋರಿಸಿಕೊಟ್ಟರು. ನಮ್ಮ ಗಪ್ಪಿಗಳಿಗೆ ಆ ಕಾಯಿಲೆಯ ಭಯ ಬೇಡ. ಆದರೂ ಬೆಲೆಬಾಳುವ ಡಿಸ್ಕಸ್ ಮೀನು ಸಾಕುವವರು ಈ ಹುಳುವನ್ನು ಅನುಮಾನದಿಂದ ನೋಡಿದರೆ ನಾನು ನಗುವುದಿಲ್ಲ.

ಅಂಥವರಿಗೆ ಗ್ರಿಂಡಲ್ ಹುಳು ಇದೆ. ಬಿಳಿ, ಒಂದು ಸೆಂಟಿಮೀಟರಿಗಿಂತ ಚಿಕ್ಕದು, ನೀರಿನದ್ದಲ್ಲ, ಒದ್ದೆ ಮಣ್ಣಿನದ್ದು. ಮೋರಿಯ ಸಂಬಂಧವೇ ಇಲ್ಲ. ತೆಂಗಿನ ನಾರಿನ ಪುಡಿ ನಮ್ಮಲ್ಲಿ ಬೇಕಾದಷ್ಟು ಸಿಗುತ್ತದಲ್ಲ, ಅದನ್ನು ನೆನೆಸಿ, ಹಿಂಡಿ, ಒಂದು ಡಬ್ಬಿಯಲ್ಲಿ ಮೂರು ಬೆರಳು ದಪ್ಪ ಹಾಕಿ, ಯಾರ ಹತ್ತಿರವಾದರೂ ಒಂದು ಚಮಚ ಹುಳು ಇಸಿದುಕೊಂಡು ಬಿಡಿ. ಊಟಕ್ಕೆ ನೆನೆಸಿದ ಓಟ್ಸ್ ಅಥವಾ ಬೆಕ್ಕಿನ ಆಹಾರದ ಒಂದೆರಡು ಕಾಳು. ಮೇಲೆ ಗಾಜಿನ ಚೂರು ಮುಚ್ಚಿ. ಮಾರನೇ ದಿನ ಗಾಜಿನ ಕೆಳಗೆ ಹುಳುಗಳು ಮುತ್ತಿರುತ್ತವೆ, ಗಾಜನ್ನು ಟ್ಯಾಂಕಿನಲ್ಲಿ ಅದ್ದಿದರೆ ಮುಗಿಯಿತು. 20ರಿಂದ 25 ಡಿಗ್ರಿ ಇದಕ್ಕೆ ಹಿತ, ಬೆಂಗಳೂರು, ಮೈಸೂರಿಗೆ ಹೇಳಿ ಮಾಡಿಸಿದ್ದು. ಇಲ್ಲೂ ಹಳೇ ಪಾಠವೇ. ಒಂದು ದಿನದಲ್ಲಿ ತಿಂದು ಮುಗಿಸುವಷ್ಟೇ ಊಟ ಹಾಕಬೇಕು, ಮಣ್ಣು ಒದ್ದೆ ಇರಬೇಕೇ ಹೊರತು ಕೆಸರಾಗಬಾರದು. ಕೆಸರಾದರೆ ಗಾಳಿ ಇಲ್ಲ, ಮತ್ತೆ ಚೊಂಬಿನ ಕಥೆ.

ಎಷ್ಟೇ ಜೋಪಾನ ಮಾಡಿದರೂ ಹತ್ತು ದಿನದ ಹೊತ್ತಿಗೆ ಟ್ಯೂಬಿಫೆಕ್ಸ್ ಉಂಡೆ ಸಡಿಲವಾಗತೊಡಗುತ್ತದೆ. ಉಳಿದದ್ದನ್ನು ಸಿಂಕಿಗೋ ಹತ್ತಿರದ ಕೆರೆಗೋ ಸುರಿಯಬೇಡಿ, ಯಾವ ಊರಿನ ಮೋರಿಯಿಂದ ಬಂದದ್ದೋ ಏನೋ. ನಮ್ಮನೆಯಲ್ಲಿ ಅದು ಮಹಡಿಯ ಮೇಲಿನ ದಾಸವಾಳದ ಕುಂಡಕ್ಕೆ ಹೋಗುತ್ತದೆ. ಬುಡದಲ್ಲಿ ಒಂದು ಬೆರಳು ಆಳ ಕೆದಕಿ, ಸುರಿದು, ಮಣ್ಣು ಮುಚ್ಚುತ್ತೇನೆ. ಪಕ್ಕದ ಕುಂಡದಲ್ಲಿ ಕರಿಬೇವಿದೆ. ಅದರ ಹತ್ತಿರ ಡಬ್ಬಿ ಹಿಡಿದು ಹೋಗಲು ನನಗೆ ಅನುಮತಿ ಇಲ್ಲ.